ಓಚರ್ ಹಾಜರುಪಡಿಸಿಲ್ಲ

ಇವತ್ತು ನಮ್ಮ ವಿಶ್ವವಿದ್ಯಾಲಯದ ಹಳೇ ಆಡಿಟ್ ವರದಿ ಓದುತ್ತಾ ಕೂತಿದ್ದೆ. ಮತ್ತೆ ಮತ್ತೆ ಅದೇ ಸಾಲು, "ಓಚರ್ ಹಾಜರುಪಡಿಸಿಲ್ಲ", ಅಂದರೆ ಖರ್ಚಿಗೆ ದಾಖಲೆ ಕೊಟ್ಟಿಲ್ಲ. ಸೆಮಿನಾರ್‌ಗೆ ಅಂತ ಮುಂಗಡ ತೆಗೆದುಕೊಂಡಿದ್ದಾರೆ, ಸೆಮಿನಾರ್ ಮುಗಿದಿದೆ, ಊಟದ ಬಿಲ್ಲೂ ಇಲ್ಲ, ಉಳಿದ ದುಡ್ಡೂ ವಾಪಸ್ ಬಂದಿಲ್ಲ, ಮುಂದಿನ ವರ್ಷದ ವರದಿಗೆ ಆ ಆಕ್ಷೇಪಣೆಯ ಪ್ಯಾರಾ ಹಾಗೇ ಇಳಿದಿದೆ.

ತುಂಬಾ ಬೇಜಾರಾಯಿತು.

ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ (ಮಹಾಲೆಕ್ಕಪರಿಶೋಧಕರ) ವರದಿಯಾದರೆ ಸಂವಿಧಾನದ 151ನೇ ವಿಧಿ ಪ್ರಕಾರ ರಾಜ್ಯಪಾಲರ ಮೂಲಕ ವಿಧಾನಮಂಡಲದ ಮುಂದೆ ಬರುತ್ತದೆ, ಶಾಸಕರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ. ಈ ಸಣ್ಣ ಪ್ಯಾರಾಗಳನ್ನು ಕೇಳೋರು ಯಾರು?

ಪರೀಕ್ಷಾ ಶುಲ್ಕ ಒಂದು ದಿನ ತಡವಾದರೂ ಹುಡುಗರ ಹತ್ತಿರ ದಂಡ ಕಟ್ಟಿಸಿಕೊಳ್ಳುತ್ತಾರೆ, ಅಲ್ವಾ? ಮುಂಗಡದ ಲೆಕ್ಕ ಕೊಡದವರ ಸಂಬಳದಲ್ಲೂ ಹಿಡಿಯಲಿ. ಆಡಿಟ್ ವರದಿ, ಅದಕ್ಕೆ ಕೊಟ್ಟ ಉತ್ತರ, ಎರಡನ್ನೂ ಪ್ರತಿ ವರ್ಷ ವೆಬ್‌ಸೈಟಿನಲ್ಲಿ ಹಾಕಲಿ.