“ಒಮ್ಮೆ ಲೇಸರ್ ಮಾಡಿಸಿದರೆ ಇನ್ನು ಜನ್ಮದಲ್ಲಿ ಕನ್ನಡಕ ಬೇಡ, ಅಲ್ಲವೇ?”

ಮುಂಬಯಿಯ ಮಾಟುಂಗದಲ್ಲಿರುವ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು 19 ವರ್ಷಗಳಿಂದ ಆಪ್ಟೋಮೆಟ್ರಿಸ್ಟ್ ಆಗಿದ್ದೇನೆ. ಶಸ್ತ್ರಚಿಕಿತ್ಸೆ ಮಾಡುವವಳು ನಾನಲ್ಲ. ಅದಕ್ಕೆ ಮುಂಚಿನ ಪರೀಕ್ಷೆಗಳನ್ನೆಲ್ಲ ಮಾಡಿ, ಅಳತೆಗಳನ್ನು ಡಾಕ್ಟರರ ಮುಂದಿಡುವುದು ನನ್ನ ಕೆಲಸ. ಕನ್ನಡ ಮಾತನಾಡುವವರೊಬ್ಬರು ಇದ್ದಾರೆಂದು ತಿಳಿದು ಡೊಂಬಿವಲಿ, ಠಾಣೆ, ಗೋರೆಗಾಂವ್ ಕಡೆಗಳಿಂದ ನಮ್ಮವರು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವ ಪ್ರಶ್ನೆ ಮೇಲಿನದು. ‘ಹೌದು’ ಎಂದರೂ ತಪ್ಪಾಗುತ್ತದೆ, ‘ಇಲ್ಲ’ ಎಂದರೂ ತಪ್ಪಾಗುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಪೂರ್ತಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೇಸರ್ ಮುಟ್ಟುವುದು ಕಣ್ಣಿನ ಒಂದೇ ಒಂದು ಭಾಗವನ್ನು. ಅದು ಕಾರ್ನಿಯಾ, ಅಂದರೆ ಕಪ್ಪು ಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಇರುವ ಪಾರದರ್ಶಕ ಪದರ. ಮೈನಸ್ ನಂಬರ್ ಇರುವ ಹೆಚ್ಚಿನವರ ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದಿರುತ್ತದೆ; ಆದ್ದರಿಂದ ದೂರದ ವಸ್ತುವಿನ ಬಿಂಬ ರೆಟಿನಾದ ಮೇಲೆ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರದ ಮೇಲೆ, ಮೂಡುವ ಬದಲು ಅದಕ್ಕಿಂತ ಮುಂದೆಯೇ ಮೂಡುತ್ತದೆ. ಲೇಸರ್ ಕಾರ್ನಿಯಾದ ಉಬ್ಬನ್ನು ಸ್ವಲ್ಪ ತಗ್ಗಿಸಿ, ಆ ಬಿಂಬವನ್ನು ಹಿಂದಕ್ಕೆ, ಇರಬೇಕಾದ ಜಾಗಕ್ಕೆ ತರುತ್ತದೆ. ಗುಡ್ಡೆಯ ಉದ್ದವಾಗಲಿ, ಒಳಗಿನ ಮಸೂರವಾಗಲಿ, ರೆಟಿನಾವಾಗಲಿ ಬದಲಾಗುವುದಿಲ್ಲ. ಕನ್ನಡಕ ಹೋಗುತ್ತದೆ, ಆದರೆ ಕಣ್ಣು ಮಾತ್ರ ಮೈನಸ್ ನಂಬರಿನ ಕಣ್ಣಾಗಿಯೇ ಉಳಿದು, ತನ್ನ ಪಾಡಿಗೆ ತಾನು ವಯಸ್ಸಾಗುತ್ತ ಹೋಗುತ್ತದೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಈ ವಿದ್ಯೆಯ ಬೇರಿನಲ್ಲಿ ನಮ್ಮ ಕಡೆಯವರೊಬ್ಬರಿದ್ದಾರೆಂದು ಹೇಳಲು ನನಗೆ ಸಂತೋಷವಾಗುತ್ತದೆ. ಮದರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ, 1981ರ ನವೆಂಬರಿನಲ್ಲಿ, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡೊಂದರ ಮೇಲೆ ಎಕ್ಸೈಮರ್ ಎಂಬ ಅತಿನೇರಳೆ ಕಿರಣದ ಲೇಸರನ್ನು ಪ್ರಯೋಗಿಸಿ ನೋಡಿದರು. ಸುತ್ತಲಿನ ಭಾಗ ಸುಡದೆ, ಕರಕಲಾಗದೆ, ಬೇಕಾದಷ್ಟು ಮಾತ್ರ ಕತ್ತರಿಸಿಹೋಗಿತ್ತು. ಸಹೋದ್ಯೋಗಿಗಳಾದ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಂದಿಗೆ ಅವರು ಕಂಡುಕೊಂಡ ಆ ಗುಣದಿಂದಲೇ ಇಂದು ಕಾರ್ನಿಯಾವನ್ನು ಮೈಕ್ರಾನ್ ಲೆಕ್ಕದಲ್ಲಿ ಕೆತ್ತಲು ಸಾಧ್ಯವಾಗಿದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. “ಕೂದಲು ಸುಟ್ಟ ವಾಸನೆ ಬಂತು, ಕಣ್ಣು ಸುಟ್ಟಿತೇ?” ಎಂದು ಹೆದರಿ ಕೇಳುವವರಿಗೂ ಇದೇ ನನ್ನ ಉತ್ತರ: ವಾಸನೆ ಬರುತ್ತದೆ, ಆದರೆ ಕಣ್ಣು ಸುಡುವುದಿಲ್ಲ.

ಮೈಕ್ರಾನಿನ ಲೆಕ್ಕ ನಿಮಗೂ ಗೊತ್ತಿರುವುದು ಒಳ್ಳೆಯದು. ಕಾರ್ನಿಯಾದ ದಪ್ಪ ಸಾಮಾನ್ಯವಾಗಿ 500ರಿಂದ 550 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಲಾಸಿಕ್ ಎಂಬ ಲೇಸರ್ ಚಿಕಿತ್ಸೆಯಲ್ಲಿ ಮೇಲಿನ ಸುಮಾರು 110 ಮೈಕ್ರಾನ್ ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗಿನ ಭಾಗದಲ್ಲಿ ಒಂದೊಂದು ನಂಬರಿಗೆ ಸುಮಾರು 12ರಿಂದ 15 ಮೈಕ್ರಾನ್ ಕೆತ್ತಿ, ಮುಚ್ಚಳವನ್ನು ಮತ್ತೆ ಕೂರಿಸುತ್ತಾರೆ. ತಳದಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. ಎಚ್ಚರಿಕೆಯ ಡಾಕ್ಟರರು 300 ಉಳಿಸಲು ನೋಡುತ್ತಾರೆ. 480 ಮೈಕ್ರಾನ್ ದಪ್ಪದ ಕಾರ್ನಿಯಾ ಇರುವವರು ಮೈನಸ್ 8 ತೆಗೆಸಿಕೊಳ್ಳಲು ಬಂದರೆ ಕೂಡಿಸಿ ಕಳೆದಾಗ ಉಳಿಯುವುದು 260ರ ಹತ್ತಿರ. ಅಂಥವರಿಗೆ ಲಾಸಿಕ್ ಬೇಡವೆಂದು ಹೇಳಿ, ಕಾರ್ನಿಯಾ ಕೆತ್ತದೆ ಕಣ್ಣಿನೊಳಗೆ ಕೂರಿಸುವ ಐಸಿಎಲ್ ಎಂಬ ಲೆನ್ಸಿನ ವಿಚಾರ ಮಾತನಾಡುತ್ತೇವೆ.

‘ಬೇಡ’ ಎನ್ನುವುದು ನನ್ನ ಕೆಲಸದ ಅತ್ಯಂತ ಕಷ್ಟದ ಭಾಗ. ದಾದರಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವ, ಕುಂದಾಪುರದ ಕಡೆಯ 24ರ ಹುಡುಗನೊಬ್ಬ ಬಂದಿದ್ದ. “ಅಕ್ಕಾ, ಕಾವಲಿಗೆ ನೀರು ಹಾಕಿದ ಕೂಡಲೇ ಗಾಜೆಲ್ಲ ಹಬೆ. ಒರೆಸುವಷ್ಟರಲ್ಲಿ ದೋಸೆ ಸೀದಿರುತ್ತದೆ. ಇದೊಂದು ತೆಗೆಸಿಕೊಡಿ,” ಎಂದ. ಎರಡು ವರ್ಷ ಕೂಡಿಟ್ಟ ದುಡ್ಡನ್ನು ಜೊತೆಗೇ ತಂದಿದ್ದ. ಮಾತನಾಡುತ್ತಿರುವಾಗಲೇ ಬೆರಳ ಗೆಣ್ಣಿನಿಂದ ಎರಡೂ ಕಣ್ಣುಗಳನ್ನು ಒತ್ತಿ ಒತ್ತಿ ಉಜ್ಜಿಕೊಳ್ಳುತ್ತಿದ್ದ. ಅವನ ಹಳೆಯ ಚೀಟಿಗಳಲ್ಲಿ ಸಿಲಿಂಡರ್ ನಂಬರ್ (ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಾಗ ಬರುವ ನಂಬರ್) ಆರಾರು ತಿಂಗಳಿಗೆ ಏರುತ್ತ ಬಂದಿತ್ತು. ಕಾರ್ನಿಯಾದ ಆಕಾರವನ್ನು ಬಣ್ಣಗಳಲ್ಲಿ ತೋರಿಸುವ ಸ್ಕ್ಯಾನ್ ತೆಗೆದಾಗ, ಸಮವಾಗಿ ಹಸಿರು, ಹಳದಿ ಇರಬೇಕಾದ ನಕ್ಷೆಯ ಕೆಳಭಾಗದಲ್ಲಿ ಒಂದು ಕೆಂಪು ಕಲೆ ಕಾಣಿಸಿತು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ಕೆರಟೋಕೋನಸ್ ಅದು. ಅಂಥ ಕಣ್ಣಿಗೆ ಲೇಸರ್ ಹಾಕಿದ್ದರೆ, ಮೊದಲೇ ಸಡಿಲವಾಗಿದ್ದ ಗೋಡೆಯಿಂದ ಇನ್ನಷ್ಟು ಇಟ್ಟಿಗೆ ಕಿತ್ತಂತಾಗುತ್ತಿತ್ತು. ರೈಬೋಫ್ಲಾವಿನ್ ಹನಿ ಮತ್ತು ಅತಿನೇರಳೆ ಕಿರಣದಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಚಿಕಿತ್ಸೆಯನ್ನು ಡಾಕ್ಟರರು ಮಾಡಿದರು. ಈಗ ಅವನು ಗಟ್ಟಿ ಬಗೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕೆಲಸ ಮಾಡುತ್ತಾನೆ. ಕಣ್ಣು ಉಜ್ಜುವ ಮಕ್ಕಳನ್ನು ಕಂಡಾಗಲೆಲ್ಲ ಈ ಹುಡುಗನ ನೆನಪಾಗುತ್ತದೆ. ದಯವಿಟ್ಟು ಉಜ್ಜಲು ಬಿಡಬೇಡಿ.

ಇನ್ನು ವಯಸ್ಸಿನ ವಿಚಾರ. ನಮ್ಮ ಅಜ್ಜ ಅಜ್ಜಿಯರು ಓದುವ ಕನ್ನಡಕವನ್ನು ‘ಚಾಳೀಸು’ ಎನ್ನುತ್ತಿದ್ದರು. ಇಲ್ಲಿಯ ಮರಾಠಿ ನೆರೆಯವರು ‘ಚಾಳಿಶಿ’ ಎನ್ನುತ್ತಾರೆ. ಎರಡರಲ್ಲೂ ಅಡಗಿರುವುದು ನಲವತ್ತೆಂಬ ಸಂಖ್ಯೆ. ನಲವತ್ತರ ಸುಮಾರಿಗೆ ಕಣ್ಣಿನೊಳಗಿನ ಮಸೂರ ಮೆದುತನ ಕಳೆದುಕೊಳ್ಳುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಕಾರ್ನಿಯಾದ ಮೇಲೆ ಮಾಡಿದ ಲೇಸರ್ ಇದನ್ನು ತಡೆಯಲಾರದು. 25ರಲ್ಲಿ ಮಾಡಿಸಿಕೊಂಡವರಿಗೂ ಚಾಳೀಸು ಬಂದೇ ಬರುತ್ತದೆ.

ಆದರೆ 40 ದಾಟಿದ ಮೇಲೆ ಲೇಸರಿಗೆ ಬರುವವರಿಗೆ ಇನ್ನೂ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಮೈನಸ್ ಎರಡೂವರೆ ನಂಬರಿನ 46 ವರ್ಷದ ಶಿಕ್ಷಕಿಯೊಬ್ಬರು ಬಂದಿದ್ದರು. ಉತ್ತರಪತ್ರಿಕೆ ತಿದ್ದುವಾಗ ಅವರು ಕನ್ನಡಕ ತೆಗೆದಿಟ್ಟು ಆರಾಮವಾಗಿ ಓದುತ್ತಿದ್ದರು. ಅದು ಮೈನಸ್ ನಂಬರಿನ ಕೃಪೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಬಾಯಿಮಾತಿನಲ್ಲಿ ಹೇಳುವ ಬದಲು ಅವರ ದೂರದ ನಂಬರಿನ ಕಾಂಟ್ಯಾಕ್ಟ್ ಲೆನ್ಸ್ ಹಾಕಿ, ಕೈಗೆ ದಿನಪತ್ರಿಕೆ ಕೊಟ್ಟೆ. ಗೋಡೆಯ ಮೇಲಿನ ಕೊನೆಯ ಸಾಲು ಓದಿ ಅರಳಿದ ಮುಖ, ಪತ್ರಿಕೆ ಬಿಚ್ಚಿದಾಗ ಗಂಭೀರವಾಯಿತು. ತೋಳು ಪೂರ್ತಿ ಚಾಚಿದರು. ಆದರೂ ಸಣ್ಣಕ್ಷರ ಕಾಣಲಿಲ್ಲ. “ಟೀಚರ್, ಲೇಸರ್ ಆದ ಮೇಲೆ ಹೀಗಿರುತ್ತದೆ,” ಎಂದೆ. ಒಂದು ಕಣ್ಣನ್ನು ದೂರಕ್ಕೂ ಇನ್ನೊಂದನ್ನು ಹತ್ತಿರಕ್ಕೂ ಹೊಂದಿಸುವ ಮೊನೊವಿಷನ್ ಎಂಬ ದಾರಿ ಇದೆ. ಅದನ್ನೂ ಲೆನ್ಸ್ ಹಾಕಿ ತೋರಿಸಿದೆ. ಅವರಿಗೆ ಹಿಡಿಸಲಿಲ್ಲ, ಕನ್ನಡಕದಲ್ಲೇ ಇರುತ್ತೇನೆಂದು ಹೊರಟರು. ಆ ವಯಸ್ಸಿನವರು ಹೀಗೊಂದು ಪರೀಕ್ಷೆ ಮಾಡಿಸಿಕೊಳ್ಳದೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ ಎಂದೆನಲ್ಲ, ಅದರ ಪರಿಣಾಮ ರೆಟಿನಾದ ಮೇಲಿದೆ. ಹೆಚ್ಚಿನ ಮೈನಸ್ ಇದ್ದವರ ರೆಟಿನಾ ಅಂಚಿನಲ್ಲಿ ತೆಳುವಾಗಿ, ಹರಿಯುವ ಇಲ್ಲವೇ ಕಳಚಿಕೊಳ್ಳುವ ಅಪಾಯ ಇತರರಿಗಿಂತ ಹೆಚ್ಚು. ಲೇಸರಿನ ನಂತರ ಕನ್ನಡಕ ಬಿಟ್ಟವರು ಕಣ್ಣಿನ ಆಸ್ಪತ್ರೆಯನ್ನೂ ಬಿಟ್ಟುಬಿಡುತ್ತಾರೆ. ನನಗೆ ಬೇಸರ ತರಿಸುವುದು ಇದೇ. ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಸುರಿದಂತಾದರೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅಂದೇ ಬನ್ನಿ.

ಕಣ್ಣಿನ ನರವನ್ನು ಕೆಡಿಸುವ ಗ್ಲುಕೋಮಾ ಇದೆಯೇ ಎಂದು ನೋಡಲು ಕಣ್ಣಿನೊಳಗಿನ ಒತ್ತಡ ಅಳೆಯುವವರಿಗೂ ನೀವು ಲೇಸರ್ ಮಾಡಿಸಿಕೊಂಡಿದ್ದೀರೆಂದು ಹೇಳಬೇಕು, ಏಕೆಂದರೆ ತೆಳುವಾದ ಕಾರ್ನಿಯಾದ ಮೇಲೆ ಒತ್ತಡ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪೊರೆಯ ಶಸ್ತ್ರಚಿಕಿತ್ಸೆಯ ವೇಳೆಗೆ ತೊಡಕು ಇನ್ನೂ ದೊಡ್ಡದು. ಒಳಗೆ ಹಾಕುವ ಲೆನ್ಸಿನ ನಂಬರನ್ನು ಕಾರ್ನಿಯಾದ ಬಾಗಿನ ಆಧಾರದ ಮೇಲೆ ಲೆಕ್ಕ ಹಾಕುತ್ತೇವೆ. ಲೇಸರ್ ಆ ಬಾಗನ್ನೇ ಬದಲಿಸಿರುವುದರಿಂದ ಮಾಮೂಲಿ ಸೂತ್ರ ತಪ್ಪುತ್ತದೆ. 2004ರಲ್ಲಿ ಲಾಸಿಕ್ ಮಾಡಿಸಿಕೊಂಡಿದ್ದ ಅಮ್ಮನೊಬ್ಬರು ಪೊರೆಗೆಂದು ಬಂದಾಗ, ಪರಳದ ಚಾಳಿನಿಂದ ಠಾಣೆಯ ಫ್ಲ್ಯಾಟಿಗೆ ಸಾಮಾನು ಸಾಗಿಸುವಾಗ ಹಳೆಯ ಫೈಲು ಕಳೆದುಹೋಗಿತ್ತು. ಹಳೆಯ ದಾಖಲೆಯಿಲ್ಲದೆಯೂ ಲೆಕ್ಕ ಮಾಡುವ ಸೂತ್ರಗಳು ಈಗ ಬಂದಿರುವುದರಿಂದ ಕೆಲಸ ನಡೆಯಿತು, ಆದರೆ ಅಳತೆಗಳನ್ನು ಮೂರು ಸಲ ತೆಗೆಯಬೇಕಾಯಿತು. ಲೇಸರಿನ ಮುಂಚಿನ ನಂಬರ್, ಕಾರ್ನಿಯಾದ ಬಾಗು ಮತ್ತು ದಪ್ಪ, ಕೆತ್ತಿದ ಮೈಕ್ರಾನ್, ನಂತರದ ನಂಬರ್ ಇವಿಷ್ಟು ಇರುವ ಕಾಗದವನ್ನು ಕೇಳಿ ಪಡೆದು, ಮನೆಪತ್ರದ ಜೊತೆ ಜೋಪಾನವಾಗಿಡಿ.

ಉಳಿದ ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ಅರಿವಳಿಕೆಯ ಹನಿ ಹಾಕುವುದರಿಂದ ನೋವಿರುವುದಿಲ್ಲ, ಒತ್ತಿದಂತೆ ಅನಿಸುತ್ತದೆ. ಕಣ್ಣು ಅಲುಗಿದರೆ ಯಂತ್ರ ಅದನ್ನು ಹಿಂಬಾಲಿಸುತ್ತದೆ, ತೀರಾ ಅಲುಗಿದರೆ ನಿಂತುಬಿಡುತ್ತದೆ. ಕಾರ್ನಿಯಾದ ಸಣ್ಣ ನರಗಳು ಕತ್ತರಿಸುವುದರಿಂದ ಕೆಲವು ತಿಂಗಳು ಕಣ್ಣು ಒಣಗುತ್ತದೆ. ದಿನವಿಡೀ ಎಸಿ ಕೆಳಗೆ ಕಂಪ್ಯೂಟರ್ ನೋಡುವವರಿಗೆ ಇದು ಹೆಚ್ಚು ಕಾಡುತ್ತದೆ, ಹನಿ ಹಾಕುವುದನ್ನು ತಪ್ಪಿಸಬಾರದು. ಮಳೆಗಾಲದಲ್ಲಿ ಮಾಡಿಸಬಾರದೆಂಬ ನಿಯಮವಿಲ್ಲ, ಕೆಂಗಣ್ಣು ಇದ್ದಾಗ ಮಾತ್ರ ಸಲ್ಲದು. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಕಳೆದ ಒಂದು ವರ್ಷದಲ್ಲಿ ನಂಬರ್ ಬದಲಾದವರು ಕಾಯಬೇಕು. 7.5ಕ್ಕಿಂತ ಕಡಿಮೆ ನಂಬರಿಗೆ ಮಾಡಿಸುವ ಲೇಸರಿಗೆ ಆರೋಗ್ಯ ವಿಮೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲಾಸಿಕ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಸಮವಸ್ತ್ರದ ಕೆಲಸಕ್ಕೆ ಹೋಗುವವರು ಅಧಿಸೂಚನೆ ಓದಿದ ಮೇಲೆಯೇ ನಮ್ಮಲ್ಲಿಗೆ ಬರಬೇಕು.

ಪರೀಕ್ಷೆಗೆ ಬರುವಾಗ ಹಳೆಯ ಚೀಟಿಗಳನ್ನೂ ಈಗಿನ ಕನ್ನಡಕವನ್ನೂ ತನ್ನಿ. ಸಾಫ್ಟ್ ಲೆನ್ಸ್ ಹಾಕುವವರು ಎರಡು ವಾರ ಮುಂಚೆಯೇ ನಿಲ್ಲಿಸಿ, ಇಲ್ಲದಿದ್ದರೆ ಅದು ಒತ್ತಿದ ಆಕಾರವನ್ನೇ ನಾವು ಕಾರ್ನಿಯಾದ ಆಕಾರವೆಂದು ಅಳೆದುಬಿಡುತ್ತೇವೆ. ಪಾಪೆ ಅಗಲಿಸುವ ಹನಿಯಿಂದ ಕೆಲವು ಗಂಟೆ ಕಣ್ಣು ಮಂಜಾಗಿ, ಬೆಳಕು ಚುಚ್ಚುತ್ತದೆ. ಲೋಕಲ್ ಹತ್ತಿ ಇಳಿಯಲು ಕೈ ಹಿಡಿಯುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ.