ನಿರೀಕ್ಷೆಯ ಕಾರಣವನ್ನು ಕೇಳುವವರ ಮುಂದೆ

ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಹನ್ನೊಂದು ಮಂದಿ ಶಿಷ್ಯರು ಗಲಿಲಾಯದ ಬೆಟ್ಟದ ಮೇಲೆ ನಿಂತಿದ್ದಾರೆ. ಪುನರುತ್ಥಾನ ಹೊಂದಿದ ಯೇಸುವನ್ನು ಕಂಡು ಅವರು ಅಡ್ಡಬಿದ್ದರೆಂದು ಹೇಳುವ ಸುವಾರ್ತಿಕನು, ಕೆಲವರು ಸಂದೇಹಪಟ್ಟರೆಂಬುದನ್ನೂ ಅದೇ ಉಸಿರಿನಲ್ಲಿ ಬರೆದುಬಿಡುತ್ತಾನೆ. ನೀವು ಹೊರಟುಹೋಗಿ ಎಲ್ಲಾ ಜನಾಂಗಗಳವರನ್ನು ಶಿಷ್ಯರನ್ನಾಗಿ ಮಾಡಿರಿ ಎಂಬ ಆಜ್ಞೆ ಬಂದದ್ದು ಈ ಗುಂಪಿಗೇ. ಸಂದೇಹವೆಲ್ಲ ತೀರಿದ ಮೇಲೆ ಹೊರಡಿರಿ ಎಂದು ಕರ್ತನು ಹೇಳಲಿಲ್ಲ. ಸಂದೇಹಪಟ್ಟವರನ್ನು ಬದಿಗೆ ನಿಲ್ಲಿಸಿ ಉಳಿದವರನ್ನಷ್ಟೇ ಕಳುಹಿಸಲೂ ಇಲ್ಲ. ನಮ್ಮ ಸಭೆಗಳಲ್ಲಿ ಮಹಾ ಆಜ್ಞೆಯೆಂದು ಕರೆಯಲಾಗುವ ಈ ಭಾಗದ ಮೇಲೆ ಪ್ರಸಂಗಗಳು ಬೇಕಾದಷ್ಟು ಆಗುತ್ತವೆ. ಆದರೂ ಪ್ರಸಂಗ ಕೇಳಿ ಮನೆಗೆ ಮರಳುವ ಸಾಮಾನ್ಯ ವಿಶ್ವಾಸಿಗೆ, ಸೋಮವಾರ ಬೆಳಿಗ್ಗೆ ತನ್ನ ಪಕ್ಕದ ಮೇಜಿನಲ್ಲಿ ಕೂರುವ ಸಹೋದ್ಯೋಗಿಯೊಡನೆ ಈ ಆಜ್ಞೆಯನ್ನು ಹೇಗೆ ಪಾಲಿಸಬೇಕೆಂಬುದು ತಿಳಿಯದೆ ಉಳಿಯುತ್ತದೆ.

ಇಂದು ಕರ್ನಾಟಕದ ಕ್ರೈಸ್ತರಲ್ಲಿ ಬಹುಪಾಲು ಜನ ಈ ವಿಷಯದಲ್ಲಿ ಮೌನವಾಗಿದ್ದಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ನಾವು ಶೇಕಡಾ ಎರಡಕ್ಕಿಂತ ಕಡಿಮೆ. ಏನಾದರೂ ಹೇಳಿದರೆ ಮತಾಂತರದ ಆರೋಪ ಬಂದೀತೆಂಬ ಭಯ ಒಂದು ಕಡೆ, ನೆರೆಯವರ ಮನಸ್ಸು ನೋಯಬಾರದೆಂಬ ಸಹಜವಾದ ಸಂಕೋಚ ಇನ್ನೊಂದು ಕಡೆ. ಇದಕ್ಕೆ ಪ್ರತಿಯಾಗಿ ಮೊಬೈಲ್ ಫೋನಿನಲ್ಲಿ ವಿಡಿಯೋ ಮಾಡಿ ಇತರರ ದೇವರುಗಳನ್ನು ಹೀಯಾಳಿಸುತ್ತ, ಅದನ್ನೇ ಸುವಾರ್ತೆ ಸಾರುವುದೆಂದು ನಂಬಿರುವ ಒಂದು ಸಣ್ಣ ಗುಂಪೂ ಇದೆ. ಈ ಎರಡರ ನಡುವೆ ಸತ್ಯವೇದವೇ ತೋರಿಸುವ ದಾರಿಯೊಂದಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಅದು ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿದೆ.

ಪೇತ್ರನು ಆ ಪತ್ರಿಕೆಯನ್ನು ಬರೆದದ್ದು ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿದ್ದ ಅಲ್ಪಸಂಖ್ಯಾತ ವಿಶ್ವಾಸಿಗಳಿಗೆ. ಅವರ ಕುರಿತು ಊರಿನಲ್ಲಿ ಕೆಟ್ಟ ಮಾತುಗಳಿದ್ದವು. ಕೆಲವರ ಮನೆಯಲ್ಲಿ ಗಂಡ ಅವಿಶ್ವಾಸಿ, ಕೆಲವರ ಯಜಮಾನ ಕ್ರೂರಿ. ಇಂಥವರಿಗೆ ಅಪೊಸ್ತಲನು, ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವ ಪ್ರತಿಯೊಬ್ಬರಿಗೂ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಅದನ್ನು ಸಾತ್ವಿಕತೆಯಿಂದಲೂ ಭಯಭಕ್ತಿಯಿಂದಲೂ ಹೇಳಿರಿ ಎನ್ನುತ್ತಾನೆ. ಇಲ್ಲಿ ಪ್ರಶ್ನೆ ನೆರೆಯವನದು, ಉತ್ತರ ನಮ್ಮದು. ಹಾಗೆಂದು ಯಾರೂ ಕೇಳಲಿಲ್ಲವಾದ್ದರಿಂದ ಸುಮ್ಮನಿದ್ದೇನೆ ಎಂದು ತೃಪ್ತಿಪಟ್ಟುಕೊಳ್ಳುವಂತೆಯೂ ಇಲ್ಲ. ವರ್ಷಗಟ್ಟಲೆ ಜೊತೆಗಿದ್ದರೂ ಒಬ್ಬರಿಗೂ ಪ್ರಶ್ನೆ ಹುಟ್ಟಲಿಲ್ಲವೆಂದರೆ, ನಮ್ಮ ನಿರೀಕ್ಷೆ ಹೊರಗೆ ಕಾಣಿಸುವಷ್ಟು ಜೀವಂತವಾಗಿದೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ನನಗೆ ಇದು ಮನದಟ್ಟಾದದ್ದು ತಾಯಿ ತೀರಿಕೊಂಡ ಮೇಲೆ. ಕರಾವಳಿಯ ನಮ್ಮ ಸಭೆಗಳಲ್ಲಿ ಸಾವಿನ ಮನೆಗೆ ಜನ ಬಂದು ಕುಳಿತು ಕೀರ್ತನೆಗಳನ್ನು ಹಾಡುವ ರೂಢಿಯಿದೆ. ಆ ರಾತ್ರಿ ಪಕ್ಕದ ಮನೆಯ ಹಿರಿಯರು, ಅರ್ಚಕರ ಮನೆತನದವರು, ನಮ್ಮ ಅಂಗಳಕ್ಕೆ ಕುರ್ಚಿಗಳನ್ನು ತಂದು ಹಾಕಿಸಿ, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರಿಸಿ, ಕೊನೆಯ ಹಾಡಿನವರೆಗೂ ಚಾವಡಿಯ ಕಂಬಕ್ಕೆ ಒರಗಿ ನಿಂತಿದ್ದರು. ಕೆಲವು ವಾರಗಳ ನಂತರ ಬೇಲಿಯ ಹತ್ತಿರ ಸಿಕ್ಕಾಗ ಅವರು, "ಅಲ್ಲ ಮಾರಾಯ್ರೆ, ಹೆತ್ತ ತಾಯಿಯ ಹೆಣ ಎದುರಿಗಿರುವಾಗ ಹಾಡಲಿಕ್ಕೆ ನಿಮಗೆ ಹೇಗೆ ಆಗ್ತದೆ? ಅಳು ಬರುವುದಿಲ್ವಾ?" ಎಂದು ಕೇಳಿದರು. ಅಳು ಬರುತ್ತದೆ, ಲಾಜರನ ಸಮಾಧಿಯ ಬಳಿ ಯೇಸುವೇ ಅತ್ತನೆಂದು ನಮ್ಮ ಗ್ರಂಥದಲ್ಲಿದೆ, ಆದರೆ ತಾಯಿಯನ್ನು ದೇವರು ಮತ್ತೆ ಎಬ್ಬಿಸುತ್ತಾನೆಂಬ ಭರವಸೆ ಇರುವುದರಿಂದ ಅಳುತ್ತಲೇ ಹಾಡುತ್ತೇವೆ ಎಂದೆ. "ಆತ್ಮಕ್ಕೆ ಸಾವಿಲ್ಲ ಅಂತ ಗೀತೆಯಲ್ಲಿ ನಮಗೂ ಹೇಳಿದೆಯಲ್ಲ, ಅದೇ ಅಲ್ವಾ ಇದು?" ಎಂದರು.

ಹೌದು ಎಂದು ತಲೆಯಾಡಿಸಿದ್ದರೆ ಮಾತು ಹಿತವಾಗಿ ಮುಗಿಯುತ್ತಿತ್ತು. ಆದರೆ ಅವರು ಪ್ರಾಮಾಣಿಕವಾಗಿ ಕೇಳಿದ್ದರು, ಪ್ರಾಮಾಣಿಕವಾದ ಉತ್ತರಕ್ಕೆ ಅರ್ಹರಾಗಿದ್ದರು. ನಮ್ಮೊಳಗೆ ಸಾಯದ ಅಂಶವೊಂದಿದೆ ಎಂಬುದರ ಮೇಲೆ ನಮ್ಮ ನಿರೀಕ್ಷೆ ನಿಂತಿಲ್ಲ, ನಿಜವಾಗಿ ಸತ್ತು ಹೂಣಲ್ಪಟ್ಟ ಒಬ್ಬನನ್ನು ದೇವರು ದೇಹಸಹಿತ ಎಬ್ಬಿಸಿದನೆಂಬ ಸುದ್ದಿಯ ಮೇಲೆ ನಿಂತಿದೆ ಎಂದು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಅದನ್ನು ಒಪ್ಪುವುದು ತಮಗೆ ಕಷ್ಟವೆಂದರು. ಬಳಿಕ ಗೀತೆಯ ಎರಡನೆಯ ಅಧ್ಯಾಯದ ಶ್ಲೋಕಗಳನ್ನು ಹೇಳಿ ಅವುಗಳ ಅರ್ಥವನ್ನು ನನಗೆ ವಿವರಿಸಿದರು. ಕತ್ತಲಾಗುವವರೆಗೆ ನಾವು ಅಲ್ಲೇ ನಿಂತಿದ್ದೆವು. ಭಿನ್ನಾಭಿಪ್ರಾಯವನ್ನು ಮುಚ್ಚಿಡದೆಯೂ ಗೌರವದಿಂದ ಮಾತನಾಡಬಹುದೆಂಬುದನ್ನು ನಾನು ಯಾವ ತರಬೇತಿ ಶಿಬಿರದಲ್ಲೂ ಇಷ್ಟು ಚೆನ್ನಾಗಿ ಕಲಿತಿರಲಿಲ್ಲ.

ನಮ್ಮ ನಾಡಿಗೆ ಸುವಾರ್ತೆ ಸಾರಲು ಬಂದವರ ಚರಿತ್ರೆಯನ್ನು ಓದುವಾಗಲೂ ಇದೇ ಮಾತು ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಸಾಮ್ಯುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಹೆಬಿಕ್ ಮುಂದೆ ಮಲಬಾರಿಗೆ ಹೋಗಿ ಅಲ್ಲಿಯ ಜಾತ್ರೆಗಳಲ್ಲಿ ಜನರ ನಡುವೆ ನಿಂತು ಗಟ್ಟಿಯಾಗಿ ಸಾರಿದವರು, ವಿರೋಧವನ್ನೂ ಎದುರಿಸಿದವರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ; ಆದರೆ ಬೇರೊಬ್ಬರ ಹಬ್ಬದ ದಿನ ಅವರ ಆರಾಧನೆಯನ್ನೇ ಖಂಡಿಸುವ ಆ ಪದ್ಧತಿಯನ್ನು ಅನುಸರಿಸಲಾರೆ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಹಿಡಿದ ದಾರಿ ನನಗೆ ಹೆಚ್ಚು ಹತ್ತಿರವಾದದ್ದು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಈತ, ಕೆಲವು ವರ್ಷಗಳಲ್ಲೇ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಯಾರಿಗೆ ಕ್ರಿಸ್ತನನ್ನು ಪರಿಚಯಿಸಬೇಕೋ ಅವರ ಭಕ್ತಿಯ ಒಳಹೊರಗನ್ನು ಮೊದಲು ತಿಳಿಯಬೇಕೆಂಬ ಉದ್ದೇಶ ಅದರ ಹಿಂದೆ ಇದ್ದಿತು. ಅಲ್ಲಗಳೆಯುವುದಕ್ಕಾಗಿ ಓದುವ ಉದ್ದೇಶವೂ ಆ ಕಾಲದ ಮಿಷನರಿಗಳಲ್ಲಿ ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಪುರಂದರದಾಸರನ್ನೂ ಕನಕದಾಸರನ್ನೂ ಓದುತ್ತ ಕುಳಿತವನು ಆ ಭಕ್ತಿಯನ್ನು ಲಘುವಾಗಿ ಕಾಣಲಾರ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅಂತೂ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, ಸುಮಾರು 70 ಸಾವಿರ ಪದಗಳ ನಿಘಂಟನ್ನು 1894ರಲ್ಲಿ ಹೊರತಂದರು. ಮಾತನಾಡಲು ಬಂದವರು ಹೀಗೆ ಆಯುಷ್ಯದ ಬಹುಭಾಗವನ್ನು ಕೇಳಿಸಿಕೊಳ್ಳುವುದರಲ್ಲೇ ಕಳೆದರು. ಅವರ ಮೂಲಕ ವಿಶ್ವಾಸಕ್ಕೆ ಬಂದವರ ಸಂಖ್ಯೆಯನ್ನಷ್ಟೇ ನೋಡಿ ಆ ದುಡಿಮೆಯನ್ನು ಅಳೆಯುವುದು ಅನ್ಯಾಯ.

ಆದರೆ ಇದೇ ಚರಿತ್ರೆಯಲ್ಲಿ ಹೆಚ್ಚು ಕಠಿಣವಾದ ಪ್ರಶ್ನೆಯೊಂದಿದೆ. 1844ರಲ್ಲಿ ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಭೆಯೆದ್ದಿತು. ಅವರು ಬಾಸೆಲ್‌ಗೆ ಹೋಗಿ ಅಧ್ಯಯನ ಮಾಡಿ ಪಾದ್ರಿಯಾಗಿ ಹಿಂದಿರುಗಿದರು. ವಿಶ್ವಾಸದಿಂದ ಅವರಿಗೆ ಲೌಕಿಕವಾಗಿ ದೊರೆತದ್ದು ನಷ್ಟವೇ. ಅವರಷ್ಟು ಅನುಕೂಲವಿಲ್ಲದ ಸಾಮಾನ್ಯ ಜನರು ಕ್ರೈಸ್ತರಾದಾಗ ಜಾತಿಯೊಡನೆ ಕಸುಬನ್ನೂ, ಗೇಣಿಯ ಗದ್ದೆಯನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗಾಗಿ ಮಿಷನ್ ನೇಯ್ಗೆ ಕಾರ್ಖಾನೆಗಳನ್ನು ತೆರೆಯಿತು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು, ಮಂಗಳೂರು ಹಂಚಿನ ಹೆಸರು ಬೆಳೆದದ್ದು ಅಲ್ಲಿಂದ. ಜಾತಿಯಿಂದ ಹೊರಗಾದವನಿಗೆ ಕೆಲಸ ಕೊಡದಿದ್ದರೆ ಅದು ಕ್ರೂರತನ. ಆದರೆ ಕೆಲಸ ಸಿಗುತ್ತದೆಂದು ಗೊತ್ತಾದ ಮೇಲೆ ಬಾಗಿಲಿಗೆ ಬಂದವನ ವಿಶ್ವಾಸವನ್ನು ಅರಿಯುವುದು ಹೇಗೆ? ಮಿಷನ್ನಿನೊಳಗೇ ಈ ಚಿಂತೆ ಇದ್ದೇ ಇತ್ತು. ರೊಟ್ಟಿಯನ್ನೂ ವಾಕ್ಯವನ್ನೂ ಒಂದೇ ಕೈಯಲ್ಲಿ ಹಿಡಿದು ಕೊಡುವವನು ತೆಗೆದುಕೊಳ್ಳುವವನ ಸ್ವಾತಂತ್ರ್ಯವನ್ನು ತನಗೆ ತಿಳಿಯದೆಯೇ ಕುಗ್ಗಿಸುತ್ತಾನೆಂದು ನನಗೆ ತೋರುತ್ತದೆ. ಆದ್ದರಿಂದ ನಮ್ಮ ಸಭೆಯ ಅಕ್ಕಿ, ಔಷಧಿ, ಶಾಲಾಶುಲ್ಕದ ನೆರವು ಯಾರಿಗೇ ಹೋದರೂ ಅದರ ಜೊತೆ ಕರಪತ್ರ ಹೋಗಬಾರದೆಂದು ನಾನು ಸಭೆಯ ಕಮಿಟಿಯಲ್ಲಿ ಪ್ರತಿ ಬಾರಿಯೂ ವಾದಿಸುತ್ತೇನೆ. ಹಸಿದವನಿಗೆ ಅನ್ನ ಕೊಡುವುದು ಕ್ರಿಸ್ತನ ಆಜ್ಞೆ, ಅದು ತನ್ನಷ್ಟಕ್ಕೇ ಪೂರ್ಣವಾದದ್ದು.

ಕಾನೂನಿನ ಮಾತು ಇಲ್ಲಿ ಬಂದೇ ಬರುತ್ತದೆ. ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯು ಪ್ರಚಾರದ ಹಕ್ಕನ್ನು ಕುರಿತು ಚರ್ಚಿಸಿದಾಗ ಅದನ್ನು ಸಮರ್ಥಿಸಿದವರಲ್ಲಿ ಕ್ರೈಸ್ತರಲ್ಲದ ಸದಸ್ಯರೂ ಇದ್ದರು, ಟಿ. ಟಿ. ಕೃಷ್ಣಮಾಚಾರಿಯವರು ತಾವು ಕ್ರೈಸ್ತ ಸಂಸ್ಥೆಗಳಲ್ಲೇ ಬಹುಕಾಲ ಓದಿದ್ದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಆ ಸಭೆಯಲ್ಲಿ ಹೇಳಿದರು. 1977ರಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದಕ್ಕೆ ಸಂಬಂಧಿಸಿದ್ದೇ ಹೊರತು ಮತ್ತೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪಿತ್ತಿತು. 2022ರಲ್ಲಿ ಮತಾಂತರವನ್ನು ನಿಯಂತ್ರಿಸುವ ಕರ್ನಾಟಕದ ಕಾಯಿದೆ ಬಂದಿತು. ಅದನ್ನು ಹಿಂತೆಗೆಯಲು 2023ರಲ್ಲಿ ಹೊಸ ಸರ್ಕಾರದ ಸಂಪುಟ ತೀರ್ಮಾನಿಸಿತು. ಆ ಕಾಯಿದೆಯಲ್ಲಿ ಆಮಿಷದ ವ್ಯಾಪ್ತಿ ಉಚಿತ ಶಿಕ್ಷಣದಿಂದ ಉತ್ತಮ ಜೀವನಶೈಲಿಯ ಭರವಸೆಯವರೆಗೂ ಹಬ್ಬಿತ್ತು, ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕಿತ್ತು. ಒಬ್ಬನ ಅಂತಃಕರಣದ ತೀರ್ಮಾನ ಕಚೇರಿಯ ಸೂಚನಾಫಲಕಕ್ಕೆ ಏರುವುದನ್ನು ನಾನು ಒಪ್ಪಲಾರೆ. ಆದರೆ ಬಲಾತ್ಕಾರ, ಮೋಸ, ಆಮಿಷಗಳನ್ನು ಬಿಡಬೇಕೆಂದು ನಮಗೆ ಹೇಳಲು ಯಾವ ಕಾಯಿದೆಯೂ ಬೇಕಾಗಿರಲಿಲ್ಲ. 2011ರಲ್ಲಿ ಚರ್ಚುಗಳ ವಿಶ್ವ ಮಂಡಳಿ, ವ್ಯಾಟಿಕನ್ನಿನ ಅಂತರ್ಧರ್ಮೀಯ ಸಂವಾದ ಮಂಡಳಿ, ಇವಾಂಜೆಲಿಕಲ್ ಸಭೆಗಳ ವಿಶ್ವ ಒಕ್ಕೂಟ ಈ ಮೂರೂ ಸೇರಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇವೆಲ್ಲವನ್ನೂ ಸ್ಪಷ್ಟವಾಗಿ ತಿರಸ್ಕರಿಸಲಾಗಿದೆ. ಇತರ ಧರ್ಮಗಳ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳಬಾರದೆಂದೂ ಅಲ್ಲಿದೆ. ನಮ್ಮ ಎಷ್ಟು ಸಭೆಗಳಲ್ಲಿ ಅದನ್ನು ಓದಿ ಚರ್ಚಿಸಲಾಗಿದೆ?

ಫಲಿತಾಂಶ ನಮ್ಮ ಕೈಯಲ್ಲಿಲ್ಲವೆಂಬುದನ್ನು ಅಪೊಸ್ತಲರ ಕೃತ್ಯಗಳಲ್ಲಿ ಪದೇಪದೇ ಕಾಣುತ್ತೇವೆ. ಗಾಜಾದ ದಾರಿಯಲ್ಲಿ ಫಿಲಿಪ್ಪನು, ರಥದಲ್ಲಿ ಕುಳಿತು ಪ್ರವಾದಿಯ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯನ್ನು, ಅಂದರೆ ಅರಮನೆಯ ಅಧಿಕಾರಿಯನ್ನು, ಸಂಧಿಸಿದಾಗ, ನೀನು ಓದುವುದು ನಿನಗೆ ತಿಳಿಯುತ್ತದೋ ಎಂದು ಮೊದಲು ಕೇಳುತ್ತಾನೆ. ರಥ ಹತ್ತಲು ಕರೆದವನೂ, ಕೊನೆಗೆ ನೀರನ್ನು ಕಂಡು ದೀಕ್ಷಾಸ್ನಾನವನ್ನು ಕೇಳಿದವನೂ ಆ ಕಂಚುಕಿಯೇ. ಅಥೇನೆಯಲ್ಲಿ ಪೌಲನು ತಿಳಿಯದ ದೇವರಿಗೆಂದು ಕಟ್ಟಿದ್ದ ಬಲಿಪೀಠದಿಂದ ಮಾತು ಆರಂಭಿಸಿ, ಅವರ ಕವಿಗಳ ಸಾಲನ್ನೇ ಉದ್ಧರಿಸಿ, ಪುನರುತ್ಥಾನಕ್ಕೆ ಬರುತ್ತಾನೆ. ಅಲ್ಲಿಗೆ ಕೆಲವರು ಅಪಹಾಸ್ಯ ಮಾಡುತ್ತಾರೆ, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎನ್ನುತ್ತಾರೆ, ದಿಯೊನುಸ್ಯ ಮತ್ತು ದಾಮರಿಯೊಡನೆ ಕೆಲವರು ನಂಬುತ್ತಾರೆ. ಪೌಲನು ಅಪಹಾಸ್ಯ ಮಾಡಿದವರನ್ನು ಶಪಿಸದೆ ಅಲ್ಲಿಂದ ಹೊರಟುಹೋಗುತ್ತಾನೆ. ತಿಂಗಳಿಗೆ ಇಷ್ಟು ಆತ್ಮಗಳೆಂದು ಲೆಕ್ಕ ಬರೆದು ದೇಣಿಗೆದಾರರಿಗೆ ಕಳುಹಿಸುವ ಇಂದಿನ ಕೆಲವು ಸೇವೆಗಳಲ್ಲಿ ಈ ನಿರಾಳತೆ ಇಲ್ಲ. ಆ ಲೆಕ್ಕವೇ ಸೇವಕರನ್ನು ಅವಸರಕ್ಕೂ, ರೋಗ ವಾಸಿಯಾಗುತ್ತದೆಂಬ ಖಚಿತ ಭರವಸೆಗಳಿಗೂ ತಳ್ಳುತ್ತದೆಂದು ನನ್ನ ಅನಿಸಿಕೆ.

ಭಾನುವಾರದ ಶಾಲೆಯ ದೊಡ್ಡ ಮಕ್ಕಳಿಗೆ ನಾನು ಹೇಳುವುದಿಷ್ಟು. ಮಾರ್ಕನ ಸುವಾರ್ತೆಯನ್ನು ಒಂದೇ ಪಟ್ಟಿಗೆ ಕೂತು ಓದಿರಿ. ಅದು ಒಂದು ಸಂಜೆಯ ಓದು. ಯೇಸು ನಿಮಗೆ ಯಾರೆಂಬುದನ್ನು, ಸಭೆಯ ಸಿದ್ಧ ಮಾತುಗಳನ್ನು ಬಳಸದೆ, ನಿಮ್ಮ ಗೆಳೆಯರಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಗೆಳೆಯರ ಮನೆಯ ಪೂಜೆಯ ಬಗ್ಗೆ ಅವರನ್ನೇ ಕೇಳಿ ತಿಳಿಯಿರಿ. ಬೇರೆಯವರಿಂದ ಕೇಳಿದ್ದನ್ನು ನಂಬಬೇಡಿರಿ.

ಕಳೆದ ವರ್ಷ ಒಬ್ಬ ಹುಡುಗಿ ನನ್ನನ್ನು ನೇರವಾಗಿ ಕೇಳಿದಳು: ಪಕ್ಕದ ಮನೆಯ ಅಜ್ಜ ಕ್ರಿಸ್ತನನ್ನು ನಂಬಲೆಂದು ನೀವು ಪ್ರಾರ್ಥಿಸುತ್ತೀರಾ? ಪ್ರಾರ್ಥಿಸುತ್ತೇನೆ ಎಂದೆ. ನನ್ನ ಬದುಕಿನ ಅತ್ಯಂತ ದೊಡ್ಡ ಸಂತೋಷವನ್ನು ನಾನು ಪ್ರೀತಿಸುವವರಿಗೆ ಬಯಸದಿದ್ದರೆ ಅದು ಎಂಥ ಪ್ರೀತಿ? ಈ ವಿಷಯ ಅವರಿಗೂ ತಿಳಿದಿದೆ, ಅವರು ಕೇಳಿದಾಗ ಮುಚ್ಚಿಡದೆ ಹೇಳಿದ್ದೇನೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ನಮ್ಮ ಮನೆಯವರಿಗೆ ಆಪರೇಷನ್ ಆದಾಗ ತಾವೂ ತಮ್ಮ ದೇವರಲ್ಲಿ ನಮಗಾಗಿ ಬೇಡಿಕೊಂಡಿದ್ದಾಗಿ ಹೇಳಿದರು. ಆಮೇಲೆ, ಪುನರುತ್ಥಾನದ ವಿಷಯದಲ್ಲಿ ತಮಗೆ ಇನ್ನೂ ಕೇಳುವುದಿದೆ ಎಂದು ಸೇರಿಸಿದರು.