ರಜೆ ಬಂತು, ಆ ರಟ್ಟಿನ ಡಬ್ಬ ಮಾತ್ರ ಬಿಸಾಕ್ಬೇಡಿ

ಸ್ಕೂಲಿಗೆ ರಜೆ ಸಿಕ್ಕಿ ಇನ್ನೂ ಯೂನಿಫಾರ್ಮ್ ಒಗೆದು ಎತ್ತಿಟ್ಟಿರಲ್ಲ, ಅಷ್ಟರಲ್ಲೇ "ಬೋರಾಗ್ತಿದೆ" ಅನ್ನೋ ರಾಗ ಶುರು. ಅದು ಕಿವಿಗೆ ಬಿದ್ದ ತಕ್ಷಣ ನಮಗೆ ಕೈಕಾಲೇ ಆಡಲ್ಲ, ಕ್ಯಾಂಪಿಗೆ ಹಾಕೋಣ್ವಾ, ಆನ್‌ಲೈನಲ್ಲಿ ಕ್ರಾಫ್ಟ್ ಕಿಟ್ ತರಿಸೋಣ್ವಾ, ಎಲ್ಲಾದ್ರೂ ಕರ್ಕೊಂಡು ಹೋಗೋಣ್ವಾ ಅಂತ ಪರ್ಸಿಗೆ ಕೈ ಹಾಕ್ತೀವಿ. ನನ್ನ ಕೇಳಿದ್ರೆ ರಜೆ ದುಡ್ಡು ಜಾಸ್ತಿ ಹೋಗೋದು ನಮ್ಮ ಗಾಬರಿಯಿಂದಾನೇ. ಸ್ವಲ್ಪ ಹೊತ್ತು ಬೋರಾಗ್ಲಿ ಬಿಡಿ, ಏನೂ ಆಗಲ್ಲ.

ಕ್ರಾಫ್ಟ್ ಕಿಟ್ ಬಗ್ಗೆ ನಂಗೊಂದು ಸಿಟ್ಟಿದೆ. ಒಳಗಿರೋ ಚೀಟೀಲಿ ಹೇಳಿದಂಗೇ ಅಂಟಿಸ್ಬೇಕು, ಫೋಟೋದಲ್ಲಿ ಇರೋ ಥರಾನೇ ಬರ್ಬೇಕು, ಒಂದ್ಸಲ ಮಾಡಿದ್ರೆ ಮುಗೀತು. ಆಮೇಲೆ ಮಗು ಆಡೋದು ಆ ಕಿಟ್ ಬಂದಿದ್ದ ಡಬ್ಬದ ಜೊತೆ! ತಮಾಷೆ ಅಲ್ಲ, ಅಮೆರಿಕದ ರಾಚೆಸ್ಟರ್ ಅನ್ನೋ ಊರಲ್ಲಿ ಆಟದ ಸಾಮಾನಿಗೇ ಅಂತ ಒಂದು ನ್ಯಾಷನಲ್ ಟಾಯ್ ಹಾಲ್ ಆಫ್ ಫೇಮ್ ಇದೆ, ದೊಡ್ಡ ದೊಡ್ಡ ಬ್ರ್ಯಾಂಡ್ ಗೊಂಬೆಗಳ ಪಕ್ಕದಲ್ಲೇ 2005ರಲ್ಲಿ ರಟ್ಟಿನ ಡಬ್ಬನ ಸೇರಿಸ್ಕೊಂಡ್ರು, 2008ರಲ್ಲಿ ಬರೀ ಒಂದು ಕೋಲು, 2011ರಲ್ಲಿ ಹೊದಿಯೋ ಬ್ಲಾಂಕೆಟ್. ಈ ಮೂರೂ ಎಲ್ಲರ ಮನೆಲೂ ಇರುತ್ತೆ. ಡೈನಿಂಗ್ ಟೇಬಲ್ ಮೇಲೆ ಬ್ಲಾಂಕೆಟ್ ಇಳಿಬಿಟ್ಟು ಕೆಳಗೊಂದು ಟಾರ್ಚ್ ಕೊಟ್ರೆ ಆಯ್ತು, ಅದು ಗುಹೆನೋ ಆಸ್ಪತ್ರೆನೋ ರಾಕೆಟ್ಟೋ ಅವರೇ ಡಿಸೈಡ್ ಮಾಡ್ಕೋತಾರೆ, ನಾವು ಬಾಯಿ ಹಾಕದಿದ್ರೆ ಸಾಕು.

ನಂಗೆ ತುಂಬಾ ಇಷ್ಟದ್ದು ಕತ್ತಲೆ ಕೋಣೆ ಆಟ. ಹೊರಗೆ ಚೆನ್ನಾಗಿ ಬಿಸಿಲಿರೋ ಹೊತ್ತಲ್ಲಿ ಒಂದು ರೂಮಿನ ಕಿಟಕಿ ಪೂರ್ತಿ ರಟ್ಟಿಂದ ಮುಚ್ಚಿ, ಸಂದಿ ಎಲ್ಲಾ ಟೇಪ್ ಹಾಕಿ, ಮಧ್ಯ ಒಂದು ಸೆಂಟಿಮೀಟರ್ ಅಷ್ಟಗಲ ತೂತು ಮಾಡಿ. ಎದುರುಗಡೆ ಗೋಡೆ ಬಿಳಿ ಇದ್ರೆ ಒಳ್ಳೇದು, ಇಲ್ದಿದ್ರೆ ಬೆಡ್‌ಶೀಟ್ ನೇತಾಕಿ. ಶುರುನಲ್ಲಿ ಏನೂ ಕಾಣಲ್ಲ, ಮಕ್ಕಳು "ಸುಳ್ಳು ಹೇಳ್ತಿದ್ದೀಯ" ಅಂತಾರೆ, ಸ್ವಲ್ಪ ಹೊತ್ತು ಕಣ್ಣು ಕತ್ತಲಿಗೆ ಹೊಂದ್ಕೊಳ್ಳಲಿ. ಆಮೇಲೆ ನೋಡಿ, ಹೊರಗಿನ ಮರ, ಎದುರು ಮನೆ, ರಸ್ತೇಲಿ ಹೋಗೋರು ಎಲ್ಲಾ ಗೋಡೆ ಮೇಲೆ ಕಲರಲ್ಲಿ, ಅದೂ ತಲೆಕೆಳಗಾಗಿ! ಬೆಳಕು ನೇರಕ್ಕೆ ಹೋಗುತ್ತಲ್ಲ, ಮರದ ತುದಿಯಿಂದ ಬಂದದ್ದು ತೂತು ದಾಟಿ ಗೋಡೆ ಕೆಳಗಡೆ ಬೀಳುತ್ತೆ, ಬುಡದಿಂದ ಬಂದದ್ದು ಮೇಲೆ ಹೋಗುತ್ತೆ, ಅಷ್ಟೇ ಗುಟ್ಟು. ಸುಮಾರು ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಅನ್ನೋ ವಿಜ್ಞಾನಿ ಇದರ ಬಗ್ಗೆ ಬರೆದಿದ್ದ, ಕ್ಯಾಮೆರಾಗೆ ಆ ಹೆಸರು ಬಂದಿದ್ದೂ ಈ ಕತ್ತಲೆ ಕೋಣೆಯಿಂದಾನೇ. ಈ ವಿವರಣೆನೆಲ್ಲ ಮೊದಲೇ ಹೇಳಿಬಿಡ್ಬೇಡಿ ಪ್ಲೀಸ್. ಒಬ್ಬರು ಹೊರಗೆ ಹೋಗಿ ಡ್ಯಾನ್ಸ್ ಮಾಡೋದು, ಒಳಗಿದ್ದೋರು ಅವರನ್ನ ಗೋಡೆ ಮೇಲೆ ಉಲ್ಟಾ ನೋಡೋದು, ಆಮೇಲೆ ಪಾಳಿ ಬದಲಾಯಿಸೋದು, ತೂತು ದೊಡ್ಡದು ಮಾಡಿದ್ರೆ ಚಿತ್ರ ಬೆಳ್ಳಗಾಗಿ ಮಸುಕಾಗೋದು, ಚಿಕ್ಕದು ಮಾಡಿದ್ರೆ ಕ್ಲಿಯರ್ ಆಗಿ ಮಂಕಾಗೋದು, ಇದನ್ನೆಲ್ಲ ಅವರೇ ಕಂಡುಹಿಡೀಲಿ. ಕೇಳಿದಾಗ ಹೇಳಿದ್ರೆ ಸಾಕು.

ಇನ್ನೊಂದು ಅರಿಶಿನದ ಗುಪ್ತ ಪತ್ರ. ಬಿಳಿ ಪೇಪರ್ ಮೇಲೆ ಗಟ್ಟಿ ಸೋಪಿನ ನೀರಲ್ಲಿ ಇಯರ್ ಬಡ್ ಅದ್ದಿ ಬರೆದು ಒಣಗಿಸಿದ್ರೆ ಅಕ್ಷರ ಅಷ್ಟಾಗಿ ಕಾಣಲ್ಲ, ಅದರ ಮೇಲೆ ಅರಿಶಿನದ ನೀರು ಸವರಿದ್ರೆ ಬರೆದದ್ದು ಮಾತ್ರ ಕೆಂಪಗೆ ಎದ್ದು ಬರುತ್ತೆ. ನಿಂಬೆರಸ ಹಚ್ಚಿದ್ರೆ ಮತ್ತೆ ಹಳದಿ. ಹಳೇ ಬಟ್ಟೆ ಹಾಕ್ಸಿ ಕೂರಿಸಿ, ಅರಿಶಿನದ ಕಲೆ ಬಗ್ಗೆ ನಾನೇನು ಹೇಳೋದು.

ಏನೂ ಇಲ್ಲ ಬರೀ ಪೇಪರ್ ಇದೆ ಅಂದ್ರೂ ಮಧ್ಯಾಹ್ನ ಕಳೆಯುತ್ತೆ. ಯಾವ ಹಾಳೆನಾದ್ರೂ ಕೊಟ್ಟು ಅರ್ಧಕ್ಕೆ ಅರ್ಧ ಮಡಚ್ತಾ ಹೋಗು, ಎಂಟು ಸಲ ಮಡಚಿದ್ರೆ ನೀನು ಗೆದ್ದೆ ಅಂತ ಪಂದ್ಯ ಕಟ್ಟಿ. ಏಳನೇ ಮಡಿಕೆಗೇ 128 ಪದರ ಆಗಿರುತ್ತೆ, ಸಾಮಾನ್ಯ ಹಾಳೆ ಅಲ್ಲಿಗೆ ಜಗ್ಗಲ್ಲ. ಹಂಗಂತ ಆಗೋದೇ ಇಲ್ಲ ಅಂತ ಮಾತ್ರ ಹೇಳ್ಬೇಡಿ, 2002ರಲ್ಲಿ ಬ್ರಿಟ್ನಿ ಗ್ಯಾಲಿವನ್ ಅನ್ನೋ ಹೈಸ್ಕೂಲ್ ಹುಡುಗಿ ಒಂದು ಕಿಲೋಮೀಟರ್‌ಗಿಂತ ಉದ್ದದ ಟಾಯ್ಲೆಟ್ ಪೇಪರ್ ತಗೊಂಡು 12 ಸಲ ಮಡಚಿ ತೋರಿಸಿದ್ಲು. ಪೇಪರ್ ವಿಮಾನಕ್ಕೂ ಇಂಥದ್ದೇ ಒಂದು ಗುರಿ ಇಟ್ರೆ ಆಟಕ್ಕೆ ಜೀವ ಬರುತ್ತೆ. ಜಪಾನಿನ ತಕುಒ ಟೋಡ 2010ರಲ್ಲಿ ಬಿಟ್ಟ ವಿಮಾನ 29.2 ಸೆಕೆಂಡ್ ಗಾಳೀಲಿತ್ತು. ನಮ್ಮನೇಲಿ ಸ್ಟಾಪ್‌ವಾಚ್ ಹಿಡ್ಕೊಂಡು ನಿಂತ್ರೆ ಮೂರು ಸೆಕೆಂಡಿಗೇ ಸಂಭ್ರಮ!

ಚಿಕ್ಕ ಮಕ್ಕಳಿಗೆ ನೀರು, ಮಣ್ಣು, ಹಿಟ್ಟು ಇದ್ರೆ ಆಯ್ತು. ಬಕೆಟ್ ನೀರು ಕೊಟ್ರೆ ಪಕ್ಕದಲ್ಲೇ ಕೂತಿರಿ, ತೀರಾ ಪುಟ್ಟ ಮಕ್ಕಳಿಗೆ ಸ್ವಲ್ಪ ನೀರೂ ಅಪಾಯನೇ, ಫೋನ್ ಬಂತು ಅಂತ ಎದ್ದು ಹೋಗೋ ವಿಷಯ ಅಲ್ಲ ಇದು. ಹಿಟ್ಟಿಗೆ ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಸುಮಾರು ಒಂದು ಕಪ್ ನೀರು ಹಾಕಿ ಕಲಸಿದ್ರೆ ಗೊಂಬೆ ಮಾಡೋಕೆ ಚೆನ್ನಾಗಿ ಬರುತ್ತೆ, ಒಣಗಿದ್ಮೇಲೆ ಗಟ್ಟಿಯಾಗಿ ಪೇಂಟೂ ಮಾಡ್ಬಹುದು. ಬಾಯಿಗೆ ಹಾಕ್ಕೊಳ್ಳದಂಗೆ ನೋಡ್ಕೊಳ್ಳಿ, ಮನೇಲಿ ನಾಯಿ ಇದ್ರೆ ಅದಕ್ಕೂ ಸಿಗ್ಬಾರ್ದು, ಅಷ್ಟು ಉಪ್ಪು ನಾಯಿಗೆ ವಿಷ ಇದ್ದಂಗೆ.

ಇನ್ನು ಮೊಬೈಲ್. ಪೂರ್ತಿ ಬಂದ್ ಮಾಡ್ತೀವಿ ಅನ್ನೋರಿಗೆ ನಮಸ್ಕಾರ, ನನ್ ಕೈಲಿ ಆಗಲ್ಲ. ಅದನ್ನ ಕ್ಯಾಮೆರಾ ಮಾಡಿ ಕೊಡ್ತೀನಿ ಅಷ್ಟೇ. ಆ ಉಪ್ಪಿನ ಹಿಟ್ಟಿನ ಗೊಂಬೆನ ಟೇಬಲ್ ಮೇಲಿಟ್ಟು ಒಂದು ಫೋಟೋ, ಒಂಚೂರು ಸರಿಸಿ ಇನ್ನೊಂದು ಫೋಟೋ, ಹಿಂಗೇ ತೆಗೆದು ಒಂದು ಫ್ರೀ ಆ್ಯಪಲ್ಲಿ ಜೋಡಿಸಿದ್ರೆ ಗೊಂಬೆ ನಡೆಯುತ್ತೆ. ಸೆಕೆಂಡಿಗೆ 12 ಫೋಟೋ ಅಂತ ಇಟ್ಕೊಂಡ್ರೂ ಹತ್ತು ಸೆಕೆಂಡಿನ ಸಿನಿಮಾಗೆ 120 ಫೋಟೋ ಬೇಕು, ಫೋನ್ ಅಲ್ಲಾಡದಂಗೆ ಪುಸ್ತಕಗಳ ಮಧ್ಯ ಸಿಗಿಸಿಡ್ಬೇಕು, ಯಾರ ಕೈನೋ ಫ್ರೇಮಲ್ಲಿ ಬಂತು ಅಂತ ಜಗಳ ಆಗ್ಬೇಕು, ಮತ್ತೆ ತೆಗೀಬೇಕು. ಫೋನ್ ಮೆಮೊರಿ ಮಾತ್ರ ಮೊದಲೇ ಖಾಲಿ ಮಾಡ್ಕೊಂಡಿರಿ.